ರಜಾಚೀಟಿಯಲ್ಲಿ ಎಲ್ಲರಿಗೂ ಜ್ವರ
(ಓದುಗರ ಪ್ರಶ್ನೆ, ನಿವೃತ್ತ ಇಂಗ್ಲಿಷ್ ಮಾಸ್ತರರ ಉತ್ತರ)

ಪ್ರಶ್ನೆ: ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹತ್ತನೆಯವರಿಗೆ ಷೇಕ್ಸ್‌ಪಿಯರನ ‘ಕ್ವಾಲಿಟಿ ಆಫ್ ಮರ್ಸಿ’ ಪದ್ಯ ಇದೆ. ತರಗತಿಯ ಅರ್ಧ ಮಕ್ಕಳಿಗೆ ಒಂದು ಸಾಲು ನೆಟ್ಟಗೆ ಓದಲು ಬರುವುದಿಲ್ಲ. ಸಾರಾಂಶ ಬರೆಸಿ, ಬಾಯಿಪಾಠ ಮಾಡಿಸಿ ಮುಗಿಸಿಬಿಡಲೇ?
– ಶಿಕ್ಷಕಿ, ಸಿಂಧನೂರು ತಾಲೂಕು

ಉತ್ತರ: ಮುಗಿಸಬಹುದು ಮೇಡಂ. ಎಷ್ಟೋ ಜನ ಹಾಗೇ ಮುಗಿಸುತ್ತಾರೆ, ನಾನೂ ಸುಮಾರು ವರ್ಷ ಹಾಗೇ ಮುಗಿಸಿದೆ. ಆದರೆ ಆ ಪದ್ಯ ನಮ್ಮ ಮಕ್ಕಳಿಗೆ ದೂರದ್ದು ಅಂತ ಮೊದಲೇ ತೀರ್ಮಾನ ಮಾಡಬೇಡಿ.

ಮೊದಲ ದಿನ ಪುಸ್ತಕ ಮುಚ್ಚಿಸಿ, ಬರೀ ಕಥೆ ಹೇಳಿ, ಕನ್ನಡದಲ್ಲೇ. ವೆನಿಸ್ ಎಂಬ ಊರು. ಒಬ್ಬ ವ್ಯಾಪಾರಿ ತನ್ನ ಗೆಳೆಯನಿಗಾಗಿ ಮೂರು ಸಾವಿರ ಡಕಾಟು (ಅಲ್ಲಿನ ಚಿನ್ನದ ನಾಣ್ಯ) ಸಾಲ ತೆಗೆದಿದ್ದಾನೆ, ಮೂರು ತಿಂಗಳ ವಾಯಿದೆ, ತೀರಿಸದಿದ್ದರೆ ಮೈಯಿಂದ ಒಂದು ಪೌಂಡ್ ಮಾಂಸ ಕತ್ತರಿಸಿ ಕೊಡಬೇಕು ಅಂತ ಪತ್ರ ಬರೆದುಕೊಟ್ಟಿದ್ದಾನೆ. ವಾಯಿದೆ ಮುಗಿಯಿತು. ಸಾಲ ಕೊಟ್ಟವನು ಕೋರ್ಟಿನಲ್ಲೇ ಚಾಕು ಮಸೆಯುತ್ತಿದ್ದಾನೆ. ಆಗ ಆ ಗೆಳೆಯನ ಹೆಂಡತಿ ಪೋರ್ಷಿಯಾ ವಕೀಲನ ವೇಷ ಹಾಕಿ ಬಂದು ಹೇಳುವ ಮಾತೇ ಈ ಪದ್ಯ. ಸಾಲ, ಪತ್ರ, ವಾಯಿದೆ ಅಂದರೆ ಏನು ಅಂತ ನಮ್ಮ ಕಡೆಯ ಹುಡುಗರಿಗೆ ಬಿಡಿಸಿ ಹೇಳಬೇಕಾ?

ಎರಡನೇ ದಿನ ಮಳೆಯ ಸಾಲು. ಮರ್ಸಿ, ಅಂದರೆ ಕರುಣೆ, ಆಕಾಶದಿಂದ ಮಳೆ ಬಿದ್ದ ಹಾಗೆ ಬೀಳುತ್ತದೆ, ಕೊಟ್ಟವನಿಗೂ ಒಳ್ಳೆಯದು, ಪಡೆದವನಿಗೂ ಒಳ್ಳೆಯದು ಎನ್ನುತ್ತಾಳೆ ಆಕೆ. ನಾನು ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಮಾತು ತೆಗೆದೆ. ಕಾಲುವೆಗೆ ಮೇಲ್ಭಾಗ, ಕೊನೆಭಾಗ ಅಂತ ಇದೆ, ಮೇಲಿನವರು ಬಿಟ್ಟರೆ ಕೆಳಗಿನವರಿಗೆ ನೀರು, ಮಳೆಗೆ ಆ ಲೆಕ್ಕ ಇಲ್ಲ ಅಲ್ವಾ ಅಂದೆ. ಹಿಂದಿನ ಬೆಂಚಿನ ಹುಡುಗ ಎದ್ದು, “ಹಂಗಾದ್ರ ಕಾಲುವಿ ಗೇಟು ಅಂದ್ರ ಕೋರ್ಟು, ಮಳಿ ಅಂದ್ರ ಮರ್ಸಿ, ಏನ್ರಿ ಸರ್?” ಅಂದ. ನಾನು ಬರೆಸುತ್ತಿದ್ದ ಎರಡು ಪುಟದ ಸಾರಾಂಶದಲ್ಲಿ ಇಷ್ಟು ಇರಲಿಲ್ಲ.

ಆಮೇಲೆ ಪುಸ್ತಕ ತೆಗೆಸಿ. ದಿನಕ್ಕೆ ನಾಲ್ಕೇ ಸಾಲು, ಮೊದಲು ನೀವು ಗಟ್ಟಿಯಾಗಿ, ಆಮೇಲೆ ಅವರು. ‘ಡ್ರಾಪೆತ್’, ‘ಬ್ಲೆಸೆತ್’ ನೋಡಿ ಗಾಬರಿಯಾಗುತ್ತಾರೆ. ಅದು ಹಳೆಯ ರೂಪ, ಈಗ ‘ಡ್ರಾಪ್ಸ್’, ‘ಬ್ಲೆಸಸ್’ ಅನ್ನುತ್ತೇವೆ, ನಮ್ಮ ಹಳಗನ್ನಡ ಇದ್ದ ಹಾಗೆ ಅಂದರೆ ಸಾಕು, ಮುಂದೆ ಹೋಗಿ.

ಓದಲು ಬಾರದ ಅರ್ಧ ತರಗತಿಯದ್ದು ಬೇರೆಯೇ ಕಥೆ. ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವೆ. ಇಂಗ್ಲಿಷಿನಲ್ಲಿ 26 ಅಕ್ಷರ ಸುಮಾರು 44 ಧ್ವನಿಗಳನ್ನು ಹೊರಬೇಕು. ಹಾಗಾಗಿ ‘ನೈಫ್’ ಅನ್ನು ‘ಕ್ನೈಫ್’ ಅಂತ ಓದುವ ಹುಡುಗ ದಡ್ಡನಲ್ಲ, ಕನ್ನಡದ ನಿಯಮವನ್ನು ಸರಿಯಾಗಿ ಪಾಲಿಸುತ್ತಿದ್ದಾನೆ! ದಿನಾ ಹತ್ತು ನಿಮಿಷ ಒಂದೇ ಕಾಗುಣಿತದ ಪದಗಳನ್ನು ಗುಂಪಾಗಿ ಬರೆಯಿರಿ. ಲೈಟ್, ನೈಟ್, ರೈಟ್, ಫೈಟ್. ಒಂದು ಓದಿದವನು ನಾಲ್ಕು ಓದುತ್ತಾನೆ. ಹತ್ತನೆಯವರಿಗೆ ಇದೇನು ಅಂತ ಯಾರಾದರೂ ನಕ್ಕರೆ ನಗಲಿ ಬಿಡಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ. ಇದು ಸರಿಯೇ?
– ಶಿಕ್ಷಕ, ಗಂಗಾವತಿ

ಉತ್ತರ: ತಪ್ಪು. ರೂಪಾಯಿ ವಾಪಸ್ ಕೊಟ್ಟುಬಿಡಿ ಸರ್. ದಂಡದ ಭಯಕ್ಕೆ ಮಕ್ಕಳು ಇಂಗ್ಲಿಷ್ ಮಾತಾಡುವುದಿಲ್ಲ, ಸುಮ್ನೆ ಕೂರುತ್ತಾರೆ.

ಕನ್ನಡವನ್ನೇ ಏಣಿ ಮಾಡಿಕೊಳ್ಳಿ. ‘ಮನೆಯಲ್ಲಿ’ ಅನ್ನುವಾಗ ನಮ್ಮ ‘ಅಲ್ಲಿ’ ಹಿಂದೆ ಅಂಟುತ್ತದೆ, ಅವರ ‘ಇನ್’ ಮುಂದೆ ನಿಲ್ಲುತ್ತದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ, ಅವರದು ನಡುವೆ. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದರೆ ಆರನೆಯವನಿಗೂ ಹೊಳೆಯುತ್ತದೆ. ಇನ್ನೊಂದು. ‘ಕರುಣಾಳು ಬಾ ಬೆಳಕೆ’ ಮಕ್ಕಳಿಗೆ ಗೊತ್ತಲ್ಲ, ಅದರ ಮೂಲ ಇಂಗ್ಲಿಷ್ ಪ್ರಾರ್ಥನೆ, ಇಂಗ್ಲೆಂಡಿನ ಪಾದ್ರಿ ನ್ಯೂಮನ್ 1833ರಲ್ಲಿ ಬರೆದದ್ದು. ಕನ್ನಡಕ್ಕೆ ತಂದ ಬಿ.ಎಂ. ಶ್ರೀಕಂಠಯ್ಯನವರೂ ಇಂಗ್ಲಿಷ್ ಮೇಷ್ಟ್ರೇ. ಕನ್ನಡದ್ದನ್ನು ಹಾಡಿಸಿ, ಇಂಗ್ಲಿಷಿನದನ್ನು ಕೈಗೆ ಕೊಟ್ಟು, ‘ಬೆಳಕು’ ಎಲ್ಲಿದೆ ಹುಡುಕಿ ಅನ್ನಿ. ಗ್ರಾಮರ್ ಪುಸ್ತಕ ಆಮೇಲೆ.

ಪ್ರಶ್ನೆ: ಮಗಳಿಗೆ ಇಂಗ್ಲಿಷಿನಲ್ಲಿ ಅಂಕ ಚೆನ್ನಾಗಿ ಬರುತ್ತವೆ. ಆದರೆ ಸ್ವಂತವಾಗಿ ಎರಡು ಸಾಲು ಬರೆ ಅಂದರೆ ಬರೆಯುವುದಿಲ್ಲ. ನನಗೆ ಇಂಗ್ಲಿಷ್ ಬರುವುದಿಲ್ಲ. ಏನು ಮಾಡಲಿ?
– ತಾಯಿ, ಕುಷ್ಟಗಿ

ಉತ್ತರ: ತಾಯೀ, ಇದರಲ್ಲಿ ನಮ್ಮಂಥ ಮಾಸ್ತರರ ತಪ್ಪೇ ಜಾಸ್ತಿ. 80 ಅಂಕದ ಪೇಪರಿಗೆ ಪತ್ರ, ಪ್ರಬಂಧ ಎಲ್ಲ ಅಚ್ಚು ಹಾಕಿ ಕೊಡುತ್ತೇವೆ. ಒಮ್ಮೆ ಕೊಪ್ಪಳದಲ್ಲಿ ಗವಿಮಠದ ಜಾತ್ರೆ ಮುಗಿದ ಮೇಲೆ ಮಕ್ಕಳಿಂದ ಇಂಗ್ಲಿಷಿನಲ್ಲಿ ರಜಾಚೀಟಿ ಬರೆಸಿದೆ. ಎಲ್ಲರಿಗೂ ಜ್ವರ! ಜಾತ್ರೆಗೆ ಹೋದವನಿಗೂ ಜ್ವರ, ಅಕ್ಕನ ಮದುವೆಗೆ ಹೋದವಳಿಗೂ ಜ್ವರ. ನಾನು ಬಾಯಿಪಾಠ ಮಾಡಿಸಿದ್ದು ಅದೊಂದೇ ಪತ್ರ, ಅವರಾದರೂ ಏನು ಮಾಡಿಯಾರು? ಚೀಟಿ ಹರಿದು ಹಾಕಿ, ನಿಜ ಬರೆಯಿರಿ, ತಪ್ಪಾದರೂ ಪರವಾಗಿಲ್ಲ ಅಂದೆ. ಒಬ್ಬ ಬರೆದ: ‘ಐ ಗೋ ಕಾಟನ್ ತ್ರೀ ಡೇಸ್. ಮೈ ಮದರ್ ಆಲ್ಸೋ ಕಮ್.’ ಹತ್ತಿ ಬಿಡಿಸಲು ಹೋಗಿದ್ದನಂತೆ. ವ್ಯಾಕರಣ ಪೂರ್ತಿ ತಪ್ಪು, ಆದರೆ ಅಷ್ಟೂ ಅವನದೇ. ‘ಗೋ’ ಇದ್ದಲ್ಲಿ ‘ವೆಂಟ್’ ಅಂತ ಒಂದೇ ತಿದ್ದಿ ವಾಪಸ್ ಕೊಟ್ಟೆ.

ಮಗಳು ದಿನಾ ರಾತ್ರಿ ಮೂರು ಸಾಲು ಬರೆಯಲಿ. ಬಸ್ ತಪ್ಪಿದ್ದು, ಎಮ್ಮೆ ಕರು ಹಾಕಿದ್ದು, ಏನಾದರೂ ಸರಿ. ನಿಮಗೆ ಇಂಗ್ಲಿಷ್ ಬರದಿರುವುದು ಒಳ್ಳೆಯದೇ ಆಯಿತು. ಬರೆದದ್ದನ್ನು ಅವಳೇ ಓದಿ, ನಿಮಗೆ ಕನ್ನಡದಲ್ಲಿ ಹೇಳಲಿ.