ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ ಮಾಡಬಹುದೇ? ಕಳ್ಳತನ ಜಾಸ್ತಿ ಅಂತಾರೆ, ನಿಜವೇ?

ಹಾಸನದಿಂದ ಅಪ್ಪ ಅಮ್ಮನ ಜೊತೆ ಬರುತ್ತಿದ್ದೀರಿ, ಇಬ್ಬರಿಗೂ ಅರವತ್ತು ದಾಟಿದೆ, ನೀವು ಆಫೀಸಿಗೆ ಹೋದಮೇಲೆ ಮನೆಯಲ್ಲಿ ಅವರಿಬ್ಬರೇ. ಅದಕ್ಕೇ ವಿಜಯನಗರದ ಕ್ರೈಂ ರೇಟ್ ಎಷ್ಟು ಅಂತ ಕೇಳಿದ್ದೀರಿ. ನಾನು ಇಪ್ಪತ್ತಮೂರು ವರ್ಷದಿಂದ ಇಲ್ಲೇ ಇದ್ದೀನಿ, ಮೊದಲು ಬಾಡಿಗೆಗೆ, ಈಗ ಸ್ವಂತ ಮನೆಯಲ್ಲಿ. ಧಾರಾಳವಾಗಿ ಬನ್ನಿ. ಆದರೆ ರೇಟ್ ಹುಡುಕುತ್ತಾ ಕೂರಬೇಡಿ.

ದೇಶದ ಅಪರಾಧಗಳ ಲೆಕ್ಕ ಇಡುವ ಕೇಂದ್ರದ ಸಂಸ್ಥೆ ಎನ್‌ಸಿಆರ್‌ಬಿ ಪ್ರತಿ ವರ್ಷದ ವರದಿಯಲ್ಲಿ ಕೊಡುವುದು ಇಡೀ ಬೆಂಗಳೂರಿನ ಲೆಕ್ಕ, ಬಡಾವಣೆಯದ್ದಲ್ಲ. ಲಕ್ಷ ಜನಕ್ಕೆ ಇಷ್ಟು ಪ್ರಕರಣ ಅಂತ ಭಾಗಿಸುವಾಗ ಹಿಡಿದಿರುವ ಜನಸಂಖ್ಯೆಯೂ 2011ರ ಜನಗಣತಿಯದು, ಸುಮಾರು 85 ಲಕ್ಷ. ಊರು ಅಲ್ಲಿಂದ ಇಲ್ಲಿಗೆ ಎಷ್ಟು ಬೆಳೆದಿದೆ ಅನ್ನೋದು ಸಂಜೆ ಆರಕ್ಕೆ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ತಿಳಿಯುತ್ತೆ. ಇನ್ನು 2023ರ ವರದಿಯಲ್ಲಿ ಬೆಂಗಳೂರಿನ ಸೈಬರ್ ಪ್ರಕರಣಗಳೇ 17,600ಕ್ಕೂ ಹೆಚ್ಚು. ಅವಕ್ಕೆ ನೀವು ವಿಜಯನಗರದಲ್ಲಿದ್ದರೇನು, ಯಲಹಂಕದಲ್ಲಿದ್ದರೇನು? ಅಪ್ಪನ ಫೋನಿನಲ್ಲಿ ಸೈಬರ್ ವಂಚನೆಯ ದೂರಿನ ಸಹಾಯವಾಣಿ 1930 ನಂಬರ್ ಸೇವ್ ಮಾಡಿಕೊಡಿ, ಅಷ್ಟು ಸಾಕು.

ನಿಮಗೆ ನಿಜವಾಗಿ ಬೇಕಿರೋದು ಬೇರೆ ಕಡೆ ಇದೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ವೆಬ್‌ಸೈಟಿಗೆ ಹಾಕಬೇಕು. ಕರ್ನಾಟಕ ಪೊಲೀಸರ ತಾಣದಲ್ಲಿ ಠಾಣೆಯ ಹೆಸರಿನಿಂದ ಹುಡುಕಬಹುದು. ಎರಡು ತಿಂಗಳದ್ದು ಓದಿ. ಎಷ್ಟು ಅಂತ ಎಣಿಸಬೇಡಿ. ಏನು ಹೋಯಿತು, ಎಷ್ಟು ಹೊತ್ತಿಗೆ, ಎಂಥ ಬೀದಿಯಲ್ಲಿ ಅಂತ ನೋಡಿ.

ನಾನು ಕಂಡಂತೆ ಇಲ್ಲಿನ ಕಾಟ ಮೂರೇ. ರಸ್ತೆಯಲ್ಲಿ ನಿಲ್ಲಿಸಿದ ಬೈಕು ಹೋಗುತ್ತೆ, ಅದರಲ್ಲೂ ಹಳೇ ಸ್ಪ್ಲೆಂಡರ್. ಬ್ಯಾಚುಲರ್ ಹುಡುಗರ ರೂಮು, ಪಿಜಿಗಳಲ್ಲಿ ಬೆಳಗಿನ ಜಾವ ಬಾಗಿಲು ಓರೆ ಮಾಡಿ ಸ್ನಾನಕ್ಕೆ ಹೋದಾಗ ಲ್ಯಾಪ್‌ಟಾಪ್, ಮೊಬೈಲ್ ಹೋಗುತ್ತೆ. ಮೂರನೆಯದು ಸರ. ನಿಮ್ಮ ತಾಯಿ ಇರೋದರಿಂದ ಅದನ್ನೇ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

2019ರಲ್ಲಿ ನಮ್ಮ ಅತ್ತೆಯ ಎರಡೆಳೆ ಸರ ಹೋಯಿತು. ರಾತ್ರಿ ಅಲ್ಲ, ಕತ್ತಲಲ್ಲ. ಮಧ್ಯಾಹ್ನ ಮೂರು ಗಂಟೆ, ನಮ್ಮನೆ ಗೇಟಿನಲ್ಲೇ. ಬೈಕಿನಲ್ಲಿ ಇಬ್ಬರು ಬಂದು, "ಅಜ್ಜಿ, ಮಾರುತಿ ಮಂದಿರಕ್ಕೆ ಹೇಗೆ ಹೋಗಬೇಕು?" ಅಂತ ಕೇಳಿದರಂತೆ. ದೇವಸ್ಥಾನದ ದಾರಿ ಕೇಳಿದವರಿಗೆ ಗೇಟಿನೊಳಗಿಂದ ಹೇಳೋದು ಹೇಗೆ ಅಂತ ಇವರು ಹೊರಗೆ ಬಂದು ಕೈ ತೋರಿಸಿದ್ದಾರೆ. ಅಷ್ಟೇ. ಒಂದೆಳೆ ಅವರ ಕೈಗೆ, ಇನ್ನೊಂದೆಳೆ ರವಿಕೆಯೊಳಗೆ ಉಳಿದಿತ್ತು. ಕುತ್ತಿಗೆಯ ಗೀರು ಹದಿನೈದು ದಿನ ಮಾಸಲಿಲ್ಲ.

ಎಫ್‌ಐಆರ್ ಆಯಿತು. ಅದರ ಪ್ರತಿ ಪುಕ್ಕಟೆ, ಕೇಳಿ ಇಸಿದುಕೊಳ್ಳಿ. ಆಮೇಲೆ ಬಿಲ್ ತನ್ನಿ ಅಂದರು. ಅತ್ತೆಯ ಮದುವೆಯ ಸರಕ್ಕೆ ಎಲ್ಲಿಯ ಬಿಲ್ಲು? ಮೈದುನನ ಮದುವೆ ಆಲ್ಬಂನಲ್ಲಿ ಅವರು ಆ ಸರ ಹಾಕಿಕೊಂಡು ಆರತಿ ಎತ್ತುವ ಫೋಟೋ ಕೊಟ್ಟೆವು. ಹದಿನಾಲ್ಕು ತಿಂಗಳಿಗೆ ಕೋರ್ಟಿನಲ್ಲಿ ಬಾಂಡ್ ಬರೆದುಕೊಟ್ಟು ಬಿಡಿಸಿಕೊಂಡಿದ್ದು ಸರವಲ್ಲ, ಕರಗಿಸಿದ ಒಂದು ಗಟ್ಟಿ. ಅತ್ತೆ ಅದನ್ನ ಇವತ್ತಿಗೂ ಸರ ಮಾಡಿಸಿಲ್ಲ. ನಿಮ್ಮಮ್ಮನ ಒಡವೆಗಳನ್ನು ಈಗಲೇ ಒಂದೊಂದಾಗಿ ಫೋಟೋ ತೆಗೆದಿಟ್ಟುಕೊಳ್ಳಿ. (ಆಗ ಇಂಥದ್ದಕ್ಕೆ ಐಪಿಸಿ ಅನ್ನೋ ಹಳೇ ದಂಡ ಸಂಹಿತೆ. 2024ರ ಜುಲೈ 1ರಿಂದ ಬಂದಿರೋ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಸಿದುಕೊಂಡು ಓಡುವುದಕ್ಕೇ ಅಂತ 304ನೇ ಕಲಂ ಇದೆ, ಮೂರು ವರ್ಷದವರೆಗೆ ಜೈಲು.)

ಇದೇ ಗುಂಪಿನ ಬೇರೆ ವೇಷಗಳೂ ಇವೆ. "ಒಡವೆ ಪಾಲಿಶ್ ಮಾಡಿಕೊಡ್ತೀವಿ" ಅಂತ ಬಾಗಿಲಿಗೆ ಬರುವವರು. ಇನ್ನೊಬ್ಬ ಮಫ್ತಿ ಪೊಲೀಸ್ ಅಂತ ಹೇಳಿಕೊಂಡು, "ಮುಂದೆ ಗಲಾಟೆ ಆಗಿದೆ ಅಮ್ಮ, ಒಡವೆ ಬಿಚ್ಚಿ ಪೇಪರಿನಲ್ಲಿ ಕಟ್ಟಿಟ್ಕೊಳ್ಳಿ" ಅಂತಾನೆ. ಮನೆಗೆ ಹೋಗಿ ಪೊಟ್ಟಣ ಬಿಚ್ಚಿದರೆ ಕಲ್ಲು. ಪೊಲೀಸರು ಯಾರೂ ರಸ್ತೆಯಲ್ಲಿ ಒಡವೆ ಬಿಚ್ಚಿಸಲ್ಲ. ಈ ಒಂದು ಮಾತನ್ನ ಅಮ್ಮನಿಗೆ ಬಾಯಿಪಾಠ ಮಾಡಿಸಿ. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಲಿ, ಪೊಲೀಸರ ಹೊಯ್ಸಳ ಗಸ್ತು ಗಾಡಿ ಬರುತ್ತೆ.

ಹಬ್ಬಕ್ಕೆ ಊರಿಗೆ ಹೋದಾಗ ಬೀಗ ಹಾಕಿದ ಮನೆಯ ಚಿಂತೆ. ಕ್ಯಾಮೆರಾ ಹಾಕಿಸಿ, ಬೇಡ ಅನ್ನಲ್ಲ. ಆದರೆ ಕಳ್ಳನಿಗೆ ಮನೆ ಖಾಲಿ ಅಂತ ಹೇಳೋದು ಗೇಟಿನಲ್ಲಿ ಬಿದ್ದಿರೋ ನಾಲ್ಕು ದಿನದ ಪೇಪರು, ರಂಗೋಲಿಯಿಲ್ಲದ ಬಾಗಿಲು. ನಾವು ಊರಿಗೆ ಹೋದರೆ ಎದುರು ಮನೆಯಾಕೆ ನಮ್ಮ ಬಾಗಿಲಿಗೂ ನೀರು ಹಾಕಿ ನಾಲ್ಕೆಳೆ ಎಳೆದು ಹೋಗ್ತಾಳೆ, ಅವರು ಹೋದರೆ ನಾನು. ಠಾಣೆಗೂ ಒಂದು ಮಾತು ತಿಳಿಸಿ, ಬೀಟಿನವರು ಆ ಕಡೆ ಕಣ್ಣಾಡಿಸ್ತಾರೆ. ಬೀಗದಕೈ ಮಾತ್ರ ಮೀಟರ್ ಬೋರ್ಡಿನಲ್ಲೋ ಚಪ್ಪಲಿ ಸ್ಟ್ಯಾಂಡಿನಲ್ಲೋ ಇಡಬೇಡಿ. ಆ ಜಾಗ ಕಳ್ಳರಿಗೆ ನಮಗಿಂತ ಚೆನ್ನಾಗಿ ಗೊತ್ತು.

ರಾತ್ರಿ ಹೇಗೆ ಅಂತಲೂ ಕೇಳಿದ್ದೀರಿ. ರಾತ್ರಿಯ ಭಯ ನನಗೆ ಕಡಿಮೆ. ವಿಜಯನಗರ, ಹಂಪಿನಗರ, ಅತ್ತಿಗುಪ್ಪೆ ತುಂಬ ಕೋಚಿಂಗ್ ಸೆಂಟರುಗಳು. ಕೆಎಎಸ್‌ಗೆ, ಪಿಎಸ್‌ಐಗೆ ಓದುವ ಉತ್ತರ ಕರ್ನಾಟಕದ ಮಕ್ಕಳು ರಾತ್ರಿ ಹನ್ನೊಂದಕ್ಕೂ ಟೀ ಅಂಗಡಿ ಮುಂದೆ ಇರ್ತಾರೆ, ಬೆಳಿಗ್ಗೆ ಐದಕ್ಕೆ ಫಿಸಿಕಲ್ ಟೆಸ್ಟಿಗೆ ಅಂತ ಓಡ್ತಿರ್ತಾರೆ. ನಮ್ಮ ಬೀದಿ ಕಾಯುತ್ತಿರುವವರು ಇನ್ನೂ ಪೊಲೀಸ್ ಆಗದ ಪೊಲೀಸರು ಅಂತ ನಮ್ಮನೆಯವರ ತಮಾಷೆ.

ಮನೆ ಆರಿಸುವಾಗ ಕೆಳಗೆ ಓನರ್ ಇರೋ ಮೊದಲ ಮಹಡಿ ಸಿಕ್ಕರೆ ಒಳ್ಳೇದು, ಅಪ್ಪ ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುವುದಾದರೆ. ಎದುರಿಗೆ ಪಾರ್ಕಿನ ಕಾಂಪೌಂಡೋ ಖಾಲಿ ಸೈಟೋ ಇದ್ದರೆ ನಾನಂತೂ ಬೇಡ ಅಂತೀನಿ; ಮೂಲೆಯಲ್ಲಿ ಇಸ್ತ್ರಿಯವನೋ ಹೂವಿನವಳೋ ಕೂತಿರೋ ಬೀದಿ ವಾಸಿ. ಬ್ರೋಕರ್ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಂತಾನೆ, ಎಲ್ಲರೂ ಬೀದಿಯಲ್ಲಿ ಓಡಾಡೋ ಹೊತ್ತು. ಅಡ್ವಾನ್ಸ್ ಕೊಡೋ ಮೊದಲು ಒಂದು ದಿನ ರಜೆ ಹಾಕಿ, ವಾರದ ನಡುವೆ ಮಧ್ಯಾಹ್ನ ಮೂರಕ್ಕೆ ಒಬ್ಬರೇ ಹೋಗಿ ಆ ಬೀದಿಯಲ್ಲಿ ಹತ್ತು ನಿಮಿಷ ನಿಂತು ಬನ್ನಿ. ಯಾರಾದರೂ ತಲೆ ಹೊರಗೆ ಹಾಕಿ "ಯಾರು ಬೇಕಿತ್ತು?" ಅಂತ ಕೇಳಿದರೆ ಅಡ್ವಾನ್ಸ್ ಕೊಡಿ.