ಮೆಷಿನ್ ಗನ್ ಹಗುರ ಮಾಡಲು ಗುಂಡನ್ನೇ ಯಾಕೆ ಬದಲಿಸುತ್ತಾರೆ?

ಗನ್ ಭಾರ ಅಂತ ಸುಮ್ನೆ ಬೈಯುತ್ತೇವೆ, ಕಾಲಾಳು ಸೈನಿಕನ ಬೆನ್ನು ಮುರಿಯುವುದು ಗುಂಡಿನ ಹೊರೆ. 5.56 ಎಂ.ಎಂ. ಗುಂಡೊಂದು ಸುಮಾರು 12 ಗ್ರಾಂ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಹಿತ್ತಾಳೆ ಕೇಸಿನ, ಅಂದರೆ ಮದ್ದು ತುಂಬಿದ ಕವಚದ ತೂಕ. ಹಾರಿ ಹೋಗುವ ಬುಲೆಟ್ 4 ಗ್ರಾಂ, ಅಷ್ಟೇ!

2004ರಲ್ಲಿ ಅಮೆರಿಕದ ಸೇನೆ ಇದಕ್ಕೇ ಕೈ ಹಾಕಿತು. ಬುಲೆಟ್ ಪೂರ್ತಿ ಒಳಗೇ ಹುದುಗಿರುವ ಪ್ಲಾಸ್ಟಿಕ್ ಕೇಸ್ ಮಾಡಿದರು, ನೋಡಲು ಸೀಮೆಸುಣ್ಣದ ತುಂಡಿನಂತೆ. ಮದ್ದುಗುಂಡಿನ ತೂಕ ಸುಮಾರು ಶೇ. 40 ಇಳಿಯಿತು. ಗನ್ನೂ 4 ಕೆ.ಜಿ. ಆಸುಪಾಸಿಗೆ ಬಂತು, ಹಳೆಯ ಎಂ249 ಮೆಷಿನ್ ಗನ್ ಖಾಲಿ ಇದ್ದಾಗಲೇ 7 ಕೆ.ಜಿ. ದಾಟುತ್ತದೆ.

ಹಾಗಾದರೆ ಕೇಸೇ ಬೇಡ, ಅಲ್ವಾ? ಅದನ್ನೂ ಪ್ರಯತ್ನಿಸಿದರು. ಆದರೆ ಹೊರಗೆ ಚಿಮ್ಮುವ ಹಿತ್ತಾಳೆ ಒಂದಿಷ್ಟು ಬಿಸಿಯನ್ನೂ ಹೊತ್ತೊಯ್ಯುತ್ತದೆ. ಅದಿಲ್ಲದಿದ್ದರೆ ಕಾದ ಚೇಂಬರಿನಲ್ಲಿ (ಗನ್ನಿನಲ್ಲಿ ಗುಂಡು ಕೂರುವ ಜಾಗ) ಟ್ರಿಗರ್ ಒತ್ತದೆಯೇ ಗುಂಡು ಸಿಡಿಯಬಹುದು.

ಆದರೂ 2022ರಲ್ಲಿ ಅದೇ ಸೇನೆ ಹಿತ್ತಾಳೆಗೆ ಉಕ್ಕಿನ ಬುಡ ಸೇರಿಸಿದ 6.8 ಎಂ.ಎಂ. ಗುಂಡು ಆರಿಸಿತು. ಇದು 5.56ಕ್ಕಿಂತ ಭಾರ!