ಓದುಗರ ಪ್ರಶ್ನೆ, ನಮ್ಮ ಉತ್ತರ: ಕೆಲಸ ಹೋದ ಮನೆಯ ಮುಂದಿನ ದಾರಿ

ಪ್ರಶ್ನೆ: ನಮ್ಮ ಮನೆಯವರು ಇಲ್ಲಿನ ಕಾರ್ಖಾನೆಯೊಂದರಲ್ಲಿ ಏಳು ವರ್ಷ ಏಳು ತಿಂಗಳಿಂದ ಮಷಿನ್ ಆಪರೇಟರ್. ಆರ್ಡರ್ ಇಲ್ಲ, ರಾಜೀನಾಮೆ ಬರೆದುಕೊಟ್ಟರೆ ಲೆಕ್ಕ ಬೇಗ ಚುಕ್ತಾ ಮಾಡುತ್ತೇವೆ ಎನ್ನುತ್ತಿದ್ದಾರೆ. ಏನು ಮಾಡಬೇಕು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ರಾಜೀನಾಮೆ ಬರೆದುಕೊಡಬೇಡಿ. ಒಂದು ವರ್ಷದಲ್ಲಿ 240 ದಿನ ದುಡಿದ ಕಾರ್ಮಿಕನನ್ನು ಕೆಲಸ ಕಡಿಮೆಯಾಯಿತೆಂದು ಮಾಲೀಕರು ತೆಗೆಯುವುದಾದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಒಂದು ತಿಂಗಳ ಸಂಬಳ ಕೊಡಬೇಕು. ಅದರ ಮೇಲೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ತಾನಾಗಿ ಬಿಟ್ಟೆ ಎಂದು ಸಹಿ ಹಾಕಿದವನಿಗೆ ಈ ಪರಿಹಾರ ಸಿಗುವುದಿಲ್ಲ. ‘ಕೆಲಸದ ಕೊರತೆಯಿಂದ ತೆಗೆದಿದ್ದೇವೆ’ ಎಂಬ ಪತ್ರವನ್ನೇ ಲಿಖಿತವಾಗಿ ಕೇಳಿ. ಖಾಲಿ ಹಾಳೆಗಾಗಲಿ, ‘ಎಲ್ಲ ಬಾಕಿ ಸಂದಾಯವಾಗಿದೆ’ ಎಂಬ ಒಕ್ಕಣೆಗಾಗಲಿ ಹಣ ಖಾತೆಗೆ ಬೀಳುವ ಮೊದಲು ಸಹಿ ಹಾಕಬೇಡಿ.

ಗ್ರಾಚ್ಯುಟಿಯ, ಅಂದರೆ ಸೇವೆಗಾಗಿ ಮಾಲೀಕರು ಕೊನೆಗೆ ಕೊಡುವ ಇಡಿಗಂಟಿನ ವಿಷಯ ಬೇರೆ. ಐದು ವರ್ಷ ತುಂಬಿದ್ದರಿಂದ, ರಾಜೀನಾಮೆ ಕೊಟ್ಟರೂ ಅದು ಬರಲೇಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಿ. ಆರು ತಿಂಗಳು ದಾಟಿದ ಭಾಗ ಪೂರ್ತಿ ವರ್ಷವೆಂದೇ ಲೆಕ್ಕ, ಹಾಗಾಗಿ ನಿಮ್ಮದು ಎಂಟು ವರ್ಷ. ಕೊನೆಯ ವೇತನ 18,200 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 700, ಹದಿನೈದು ದಿನಕ್ಕೆ 10,500, ಎಂಟು ವರ್ಷಕ್ಕೆ 84,000. ಇದನ್ನು 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತದೆ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿ. ಕೈಗಾರಿಕಾ ಕಾರ್ಮಿಕರಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತವಾಗಿ ಸಿಗುತ್ತಾರೆ, ಸಹಾಯವಾಣಿ 15100.

ಭವಿಷ್ಯ ನಿಧಿ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಕೆಲಸ ಬಿಟ್ಟ ದಿನಾಂಕ ದಾಖಲಾಗದೆ. ಮಾಲೀಕರು ನಮೂದಿಸದಿದ್ದರೆ, ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳ ನಂತರ ಯುಎಎನ್ (ಭವಿಷ್ಯ ನಿಧಿ ಸದಸ್ಯರ ಖಾಯಂ ಸಂಖ್ಯೆ) ಪೋರ್ಟಲ್‌ನಲ್ಲಿ ಆಧಾರ್ ಒಟಿಪಿ ಹಾಕಿ ನಿಮ್ಮವರೇ ನಮೂದಿಸಬಹುದು. ಆಧಾರ್, ಪ್ಯಾನ್ ಮತ್ತು ಪಾಸ್‌ಬುಕ್‌ನಲ್ಲಿ ಹೆಸರಿನ ಒಂದಕ್ಷರ ಬೇರೆಯಿದ್ದರೂ ಅರ್ಜಿ ವಾಪಸು ಬರಬಹುದು, ಅದನ್ನು ಈಗಲೇ ಸರಿಪಡಿಸಿ. ಪಿಂಚಣಿ ಭಾಗವನ್ನು ಮಾತ್ರ ಅವಸರಕ್ಕೆ ತೆಗೆಯಬೇಡಿ. ಮುಂದಿನ ಕೆಲಸಕ್ಕೆ ಅದೇ ಯುಎಎನ್ ಕೊಟ್ಟರೆ ಸೇವೆ ಕೂಡುತ್ತಾ ಹೋಗುತ್ತದೆ. ಹತ್ತು ವರ್ಷವಾದರೆ ತಿಂಗಳ ಪಿಂಚಣಿಗೆ ಅರ್ಹತೆ ಬರುತ್ತದೆ, ನಿಮಗೆ ಉಳಿದಿರುವುದು ಎರಡು ಚಿಲ್ಲರೆ ವರ್ಷ.

ಪ್ರಶ್ನೆ: ಪದವಿ ಮುಗಿಸಿದ ಮಗಳಿಗೆ ಯುವನಿಧಿ ಬರುತ್ತದೆಯೇ?
– ಓದುಗರೊಬ್ಬರು, ಗದಗ

ಉತ್ತರ: ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ದರೆ ಬರುತ್ತದೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿರುವವರಿಗೆ ಇಲ್ಲ. ಅರ್ಜಿ ಸೇವಾಸಿಂಧುವಿನಲ್ಲಿ. ನಿರುದ್ಯೋಗದ ಸ್ವಯಂ ಘೋಷಣೆಯನ್ನು ಕೇಳಿದಾಗ ಸಲ್ಲಿಸದಿದ್ದರೆ ಹಣ ನಿಲ್ಲುತ್ತದೆ.

ಪ್ರಶ್ನೆ: ಕೆಲಸ ಹೋಯಿತು, ಹುಬ್ಬಳ್ಳಿಯ ಬಾಡಿಗೆ ಕಟ್ಟಲಾಗುತ್ತಿಲ್ಲ. ಬ್ಯಾಡಗಿ ಹತ್ತಿರದ ನಮ್ಮೂರಿಗೆ ಸಂಸಾರ ಸಾಗಿಸಬೇಕೆಂದಿದ್ದೇವೆ. ಮಕ್ಕಳು ಖಾಸಗಿ ಶಾಲೆಯಲ್ಲಿ 4 ಮತ್ತು 9ನೇ ತರಗತಿ, ಶುಲ್ಕ ಬಾಕಿಯಿದೆ.
– ಓದುಗರೊಬ್ಬರು, ನವನಗರ

ಉತ್ತರ: ನಡುವರ್ಷದಲ್ಲಿ ಕಿತ್ತುಕೊಂಡು ಹೋಗಬೇಡಿ, ಏಪ್ರಿಲ್ ತನಕ ಹೇಗಾದರೂ ದೂಡಿ. ಆದರೆ ದೊಡ್ಡ ಮಗು ಹತ್ತನೇ ತರಗತಿಗೆ ಕೂರುವ ಮೊದಲೇ ಹೋಗಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ನೋಂದಣಿ ಶಾಲೆಯ ಮೂಲಕವೇ ಆಗುವುದರಿಂದ ಆಮೇಲೆ ಬದಲಿಸಿದರೆ ತೊಡಕು. ಶುಲ್ಕಕ್ಕೆ ಒಟ್ಟಿರುವ ದುಡ್ಡು ಕಡಿಮೆಯಿದ್ದರೆ ದೊಡ್ಡ ಮಗುವಿನ ಬಾಕಿ ಮೊದಲು ತೀರಿಸಿ. ಯಾಕೆಂದರೆ ಬಾಕಿಯಿದ್ದರೆ ಶಾಲೆಯವರು ವರ್ಗಾವಣೆ ಪತ್ರ ತಡಮಾಡಬಹುದು, 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಎಂಟನೇ ತರಗತಿವರೆಗೆ ಮಾತ್ರ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಚಿಕ್ಕ ಮಗುವಿಗೆ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಒಂಬತ್ತನೆಯ ತರಗತಿಯ ಮಗುವಿಗೆ ಆ ರಕ್ಷಣೆ ಇಲ್ಲ. ಇಬ್ಬರ ಎಸ್‌ಎಟಿಎಸ್ ಸಂಖ್ಯೆಯನ್ನೂ (ಶಾಲಾ ದಾಖಲೆಯಲ್ಲಿನ ವಿದ್ಯಾರ್ಥಿ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ.

ರೇಷನ್ ಕಾರ್ಡಿಗೆ ಅವಸರವಿಲ್ಲ, ಬೆರಳಚ್ಚು ಕೊಟ್ಟು ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡೆಯಬಹುದು. ಗೃಹಜ್ಯೋತಿಗೆ ಅವಸರವಿದೆ. ಬಾಡಿಗೆ ಮನೆಯ ಆರ್‌ಆರ್ ಸಂಖ್ಯೆಯಿಂದ (ವಿದ್ಯುತ್ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಬೇರ್ಪಡಿಸದೆ ಬಂದರೆ ಊರಿನ ಮೀಟರಿಗೆ ಜೋಡಣೆಯಾಗುವುದಿಲ್ಲ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ತುಂಬಿ.

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಕೂಲಿಯ ಮೇಲೆ ಲೆಕ್ಕ ಹಾಕಿದ್ದರೆ ಎಚ್ಚರ. ಆವಕ ಜೋರಾಗಿರುವುದು ಜನವರಿಯಿಂದ ಮಾರ್ಚ್. ಮೇ ತಿಂಗಳಲ್ಲಿ ಊರು ಸೇರಿದವರಿಗೆ ಅಲ್ಲಿ ಕೆಲಸ ಕಡಿಮೆ. ದುಡಿಯುವವರೊಬ್ಬರು ಹುಬ್ಬಳ್ಳಿಯಲ್ಲೇ ಕೋಣೆ ಹಿಡಿದು ಕೆಲಸ ಹುಡುಕುವುದು ಒಳ್ಳೆಯದು ಎಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ಕೆಲಸ ಕಳೆದುಕೊಂಡವನು ಮನೆಯವರನ್ನೇ ಕೊಂದ ಎಂಬ ಸುದ್ದಿ ಬಂದಾಗಲೆಲ್ಲ ನಮ್ಮ ಅವ್ವ ಗಾಬರಿಯಾಗುತ್ತಾಳೆ. ತಮ್ಮ ಎಂಟು ತಿಂಗಳಿಂದ ಮನೆಯಲ್ಲೇ ಇದ್ದಾನೆ, ಮಾತು ಕಡಿಮೆಯಾಗಿದೆ. ನಿರುದ್ಯೋಗ ಕೊಲೆಗೆ ಕಾರಣವೇ? ಪತ್ರಿಕೆಯಲ್ಲಿ ಬರುವ ಕಾರಣವನ್ನು ಎಷ್ಟು ನಂಬಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ಕೊಲೆಯಾದ ಮರುದಿನ ಅಚ್ಚಾಗುವ ಕಾರಣ ತನಿಖೆಯ ಆರಂಭದ ಊಹೆ, ಅಷ್ಟೇ. ‘ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ’ ಎಂದು ಬಂದರೂ ಆ ಒಪ್ಪಿಗೆಯನ್ನು ನ್ಯಾಯಾಲಯದಲ್ಲಿ ಅವನ ವಿರುದ್ಧ ರುಜುವಾತುಪಡಿಸುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದನ್ನು ತಡೆಯುತ್ತದೆ. ಅವನು ಹೇಳಿದ ಜಾಗದಲ್ಲಿ ಕೊಡಲಿ ಸಿಕ್ಕರೆ ಆ ಶೋಧಕ್ಕೆ ಸಂಬಂಧಿಸಿದ ಮಾತಷ್ಟೇ ಲೆಕ್ಕಕ್ಕೆ ಬರುತ್ತದೆ.

ಶಿಕ್ಷೆ ವಿಧಿಸಲು ಯಾಕೆ ಕೊಂದ ಎಂಬುದು ಗೊತ್ತಾಗಲೇಬೇಕೆಂದಿಲ್ಲ. ಸಾಯಿಸುವ ಉದ್ದೇಶವಿತ್ತೇ, ಈ ಗಾಯದಿಂದ ಸಾಯುತ್ತಾರೆಂಬ ಅರಿವಿತ್ತೇ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಕಣ್ಣಾರೆ ಕಂಡ, ನಂಬಬಹುದಾದ ಸಾಕ್ಷಿಗಳಿದ್ದರೆ ಕಾರಣ ಸಾಬೀತಾಗದಿದ್ದರೂ ಪ್ರಕರಣ ಬಿದ್ದುಹೋಗುವುದಿಲ್ಲ. ಕಂಡವರಿಲ್ಲದೆ ಸಾಂದರ್ಭಿಕ ಸಾಕ್ಷ್ಯದ ಮೇಲೆಯೇ ನಡೆಯುವ ಪ್ರಕರಣದಲ್ಲಿ ಕಾರಣಕ್ಕೆ ತೂಕ ಹೆಚ್ಚು, ಅದು ಇಲ್ಲದಿರುವುದು ಆರೋಪಿಯ ಪರವಾಗಿ ನಿಲ್ಲುತ್ತದೆ. ಹಾಗೆಂದು ಕಾರಣವೊಂದೇ ಯಾರನ್ನೂ ಅಪರಾಧಿ ಮಾಡುವುದಿಲ್ಲ.

ಕೆಲಸವಿಲ್ಲದ ಲಕ್ಷಾಂತರ ಜನ ಯಾರ ಮೈಮೇಲೂ ಕೈ ಮಾಡದೆ ಬದುಕುತ್ತಿದ್ದಾರೆ. ಮನೆಯೊಳಗಿನ ಕೊಲೆಗಳಲ್ಲಿ ನಿರುದ್ಯೋಗದ ಜೊತೆ ಕುಡಿತ, ಸಾಲ, ಹೊಲದ ಪಾಲಿನ ಜಗಳ, ಹೆಂಡತಿಯ ಮೇಲಿನ ಸಂಶಯ, ಮೊದಲಿನಿಂದ ಬಂದ ಹೊಡೆತ ಬಡಿತ ಇವೆಯೇ ಎಂದು ನೋಡಬೇಕು. ಇಂಥವನ್ನು ಬಿಟ್ಟು ‘ನೌಕರಿ ಇಲ್ಲದ್ದಕ್ಕೆ ಕೊಂದ’ ಎಂದು ತಲೆಬರಹ ಕೊಡುವುದು ಕೆಲಸ ಕಳೆದುಕೊಂಡ ಎಲ್ಲರಿಗೂ ಮಾಡುವ ಅನ್ಯಾಯ. ಅವ್ವನಿಗೆ ಇದನ್ನು ಬಿಡಿಸಿ ಹೇಳಿ.

ನಿಮ್ಮ ತಮ್ಮ ಯಾರದಾದರೂ ಹೆಸರು ಹಿಡಿದು ಬೆದರಿಸಿದರೆ, ಹಿಂದೆ ಹೊಡೆದಿದ್ದರೆ, ಆಯುಧ ಹತ್ತಿರ ಇಟ್ಟುಕೊಂಡರೆ ತಡಮಾಡದೆ 112ಕ್ಕೆ ಕರೆ ಮಾಡಿ. ನೀವು ಬರೆದದ್ದರಲ್ಲಿ ಅದ್ಯಾವುದೂ ಇಲ್ಲ. ಮಾತು ನಿಂತ ಮನುಷ್ಯ ತನಗೇ ಕೇಡು ಮಾಡಿಕೊಂಡಾನು ಎಂಬ ಚಿಂತೆ ನಮಗೆ ಹೆಚ್ಚು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೊಲಕ್ಕೆ ತಂದ ಕ್ರಿಮಿನಾಶಕದ ಡಬ್ಬಿಗಳು ಮನೆಯಲ್ಲಿದ್ದರೆ ಇವತ್ತೇ ಹೊರಗೆ ಸಾಗಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ನಿಮ್ಮೂರಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಹೊರರೋಗಿ ವಿಭಾಗಕ್ಕೆ ಕರೆದೊಯ್ಯುವಾಗ ನಿದ್ದೆ ಕೆಟ್ಟು ಎಷ್ಟು ದಿನವಾಯಿತು, ಊಟ ಎಷ್ಟು ಇಳಿದಿದೆ, ಕುಡಿತ ಇದೆಯೇ, ಯಾವ ಗುಳಿಗೆ ನುಂಗುತ್ತಾನೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರೆದುರು ಅವನು ಮಾತನಾಡದಿದ್ದರೂ ಆ ಚೀಟಿಯಿಂದ ತಪಾಸಣೆ ಶುರುವಾಗುತ್ತದೆ.